ಹಿಮ್ಮಡಿಯ ಗಾಯ

ಆಳಂದ, 6 ಜನವರಿ 1948
ಬೆಳಿಗ್ಗೆ ಹೆರಿಗೆಮನೆಯಲ್ಲಿ ಹೊಸ ನರ್ಸುಗಳಿಗೆ ಪಾಠ. ಖುರ್ಷಿದ, ಪ್ರಮಿಲಾ ಇಬ್ಬರೇ. ಮೂರನೆಯವಳು ರಜಾಕಾರರ ಗಲಾಟೆಗೆ ಹೆದರಿ ಕೆಲಸ ಬಿಟ್ಟಳು. ಬಟ್ಟೆಯ ಗೊಂಬೆಯ ಮೇಲೆ ಹೊಕ್ಕುಳಬಳ್ಳಿ ಕಟ್ಟುವುದನ್ನು ತೋರಿಸಿದೆ. ಖುರ್ಷಿದಳ ಗಂಟು ನನ್ನದಕ್ಕಿಂತ ಬಿಗಿ. ಅವಳಿಗೆ ಹೇಳಲಿಲ್ಲ.

8 ಜನವರಿ
ನಿಂಬರ್ಗಾದ ಗುರುಬಾಯಿಗೆ ದಿನ ತುಂಬುವ ಮೊದಲೇ ಹೆರಿಗೆ. ಹೆಣ್ಣು. ಮೂರು ಪೌಂಡ್ ಆರು ಔನ್ಸ್. ಚಳಿ ಬಹಳ. ಅರಳೆಯಲ್ಲಿ ಸುತ್ತಿ, ಎರಡೂ ಬದಿಗೆ ಬಿಸಿನೀರಿನ ಬಾಟ್ಲಿ ಇಟ್ಟೆವು.

9 ಜನವರಿ, ಮಧ್ಯಾಹ್ನ
ಕೂಸಿನ ಎಡ ಹಿಮ್ಮಡಿ ಸುಟ್ಟಿದೆ. ಹುಣಸೆಬೀಜದಷ್ಟು ಗುಳ್ಳೆ. ಬಾಟ್ಲಿಗೆ ಬಟ್ಟೆ ಸುತ್ತಿರಲಿಲ್ಲ. ಡಾಕ್ಟರ್ ವ್ಯಂಕಟೇಶರಾಯರು ಕೂಸಿನ ಬಳಿ ಇದ್ದ ಖುರ್ಷಿದಳ ಕಡೆ ತಿರುಗಿ, "ನಾಳಿಂದ ನೀ ಬರಬ್ಯಾಡ" ಎಂದರು. ತಲೆ ತಗ್ಗಿಸಿದಳು. ಮಾತಾಡಲಿಲ್ಲ.
ಆ ಬಾಟ್ಲಿ ಇಟ್ಟವಳು ನಾನು. ಪಕ್ಕದ ಕೋಣೆಯಲ್ಲಿ ಇನ್ನೊಂದು ಹೆರಿಗೆ, ಅವಸರ... ನಾನೂ ಮಾತಾಡಲಿಲ್ಲ.

12 ಜನವರಿ
ಎರಡು ದಿನ ಬರೆಯಲಾಗಲಿಲ್ಲ. ಇಂದು ಖುರ್ಷಿದಳ ಮನೆಗೆ ಹೋದೆ. ಜೋಳ ಹಸನು ಮಾಡುತ್ತಿದ್ದಳು.
"ಬಾಟ್ಲಿ ನಾ ಇಟ್ಟದ್ದು ನೀ ನೋಡಿದ್ಯಲ್ಲ? ಯಾಕ ಹೇಳಲಿಲ್ಲ?"
"ನಿಮ್ಮನ್ನ ಕಳಿಸಿದ್ರ ನಮಗ್ಯಾರು ಕಲಸ್ತಾರ್ರಿ, ಬಾಯಿ? ಈ ಗಲಾಟ್ಯಾಗ ಸೊಲ್ಲಾಪುರದಿಂದ ಬ್ಯಾರೆ ನರ್ಸಬಾಯಿ ಯಾರೂ ಬರಂಗಿಲ್ಲ."
ಚಹಾ ಕೊಟ್ಟಳು. ಲೋಟ ಹಾಗೇ ಇಟ್ಟು ಎದ್ದೆ. ನೇರ ಡಾಕ್ಟರ ಹತ್ತಿರ ಹೋದೆ. ಹೇಳಿದೆ.
"ಮೂರು ದಿನ ಯಾಕ ಸುಮ್ನಿದ್ರಿ, ಶಾರದಾಬಾಯಿ?"
"ಅಂಜಿದ್ದೆರಿ."
"ರಿಜಿಸ್ಟರ್‌ನಾಗ ನಿಮ್ಮ ಕೈಲೇ ಬರೀರಿ. ಆ ಹುಡುಗೀನ ಕರಸ್ರಿ. ಕೂಸಿನ ತಾಯಿಗೂ ನೀವೇ ಹೇಳ್ರಿ."
ಬರೆದೆ. ಗುರುಬಾಯಿಗೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

3 ಫೆಬ್ರವರಿ
ಗಾಯ ಮಾಯ್ದಿದೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ. ಇಂದು ಊರಿಗೆ ಹೊರಟರು. ಅದಕ್ಕೂ ಮೊದಲು ತೂಕ. ನಾನು ಕೈ ಚಾಚಿದೆ. ಗುರುಬಾಯಿ ನನ್ನನ್ನು ದಾಟಿ ಹೋಗಿ, "ತಗೋ ಬೇ, ಖುರ್ಷಿದ" ಎಂದು ಕೂಸನ್ನು ಅವಳ ಕೈಗೆ ಕೊಟ್ಟಳು.
ನಾಲ್ಕು ಪೌಂಡ್ ಎರಡು ಔನ್ಸ್. ಬರೆದುಕೊಂಡೆ.
ಖುರ್ಷಿದಳ ಒಂದು ಅಂಗೈ ಕತ್ತಿನ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಸರಿಯಾಗಿ ಹಿಡಿದಿದ್ದಳು. ನಾನು ಕಲಿಸಿದ ಹಾಗೆಯೇ. ಗಾಡಿಯವರೆಗೆ ಅವರ ಜೊತೆ ಹೋಗಬೇಕೆಂದಿದ್ದೆ. ಬಾಗಿಲಲ್ಲೇ ನಿಂತುಕೊಂಡೆ.