ಕಾಲಲ್ಲಿ ಒತ್ತಿದ ಸ್ವರ

ಜಯನಗರ, ೧೯೬೮

ಅಪ್ಪಾಜಿ,

ದಂಡು ಪ್ರದೇಶದ ಬ್ಯಾಂಡಿನವರಿಂದ ಕೊಂಡ ಸ್ಟೀಲ್ ಗಿಟಾರನ್ನು ನಿಮ್ಮ ವೀಣೆಯ ಕೋಣೆಯಲ್ಲೇ ಇಟ್ಟಿದ್ದೀನಿ. ಸ್ವರ ಜಾರಿಸೋಕೆ ಇದರ ಪೆಡಲನ್ನು ಕಾಲಲ್ಲೇ ಒತ್ತಬೇಕು, ಲಿವರನ್ನು ಮಂಡಿಯಲ್ಲೇ ತಳ್ಳಬೇಕು. ನೀವಿದ್ದಿದ್ದರೆ ಹೊಸ್ತಿಲು ದಾಟೋಕೂ ಬಿಡ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಕಾಲು ತಗುಲಿತು ಅಂತ ನನ್ನಿಂದ ವೀಣೆ ಕಿತ್ತುಕೊಂಡಿರಿ, ಕೊನೇ ಉಸಿರಿನವರೆಗೂ ಮತ್ತೆ ಕೊಡಲಿಲ್ಲ.

ಇಷ್ಟು ದಿನ ಪೆಡಲ್ ತುಳಿದಾಗೆಲ್ಲ ಕೈ ತಾನಾಗಿ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ತಿತ್ತು, ಸ್ವರ ಅಲ್ಲೇ ಸತ್ತುಹೋಗ್ತಿತ್ತು. ಇವತ್ತು ಬೆಳಗ್ಗೆ ಕೈಯನ್ನು ತಂತಿ ಮೇಲಿಂದ ಎತ್ತಲೇ ಇಲ್ಲ. ಪೆಡಲ್ ತುಳಿದೆ, ಜೊತೆಗೇ ಮಂಡಿ ತಳ್ಳಿದೆ. ಸ್ವರ ಜಾರಿ, ನೀವು ತಂತಿ ಎಳೆದು ತರುತ್ತಿದ್ದ ಆ ಗಾಂಧಾರಕ್ಕೇ ಬಂದು ನಿಂತಿತು.

ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ನಿಮ್ಮಪ್ಪಾಜಿ ಕೈ ಅಂದ್ಕೊಂಡೆ ಕಣೇ" ಅಂದರು.

"ಕೈಯಲ್ಲಮ್ಮ, ನನ್ನ ಕಾಲು" ಅಂದೆ.