ಕದಲದ ದ್ರವ

ಗುರುವಾರ, ಮಧ್ಯಾಹ್ನ

ನಿನಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿದ ಮೇಲೂ ಬೇರೆ ಪದ ಸಿಗಲಿಲ್ಲ. ನಿನ್ನ ಕಣ್ಣಿನ ಕಟ್ಟು ಇನ್ನೂ ಬಿಚ್ಚಿಲ್ಲವಂತೆ. ಇದನ್ನು ನಿನ್ನಕ್ಕನೇ ಓದಿ ಹೇಳಬೇಕು. ಅವರಿಗೂ ತಿಳಿಯಲಿ.

ನಮ್ಮ ಲ್ಯಾಬಿನ ಅಪಘಾತದ ವಿಚಾರಣಾ ಸಮಿತಿ ಸೋಮವಾರ ನನ್ನನ್ನು ಕರೆದಿದೆ. ತಪ್ಪೆಲ್ಲ ನಿನ್ನದೇ ಎಂದು ನೀನೇ ಹೇಳಿಕೆ ಕೊಟ್ಟಿದ್ದೀಯಂತೆ. ನನ್ನನ್ನು ಉಳಿಸಲೋ, ಆ ಬೆಳಿಗ್ಗೆ ನೀನು ಮಾಡಿದ್ದು ಮುಚ್ಚಿಹೋಗಲೆಂದೋ?

ನಾನು ಅಂದದ್ದು ಇಷ್ಟೇ: ನಿನ್ನ ಗ್ರಾಫ್ ಸುಳ್ಳು ಕಣೋ, ದ್ರವ ತಿರುಗ್ತಾನೇ ಇಲ್ಲ ಅಂತ. ಗಾಜಿನ ಪೆಟ್ಟಿಗೆಯೊಳಗೆ, ಪಂಪಿಲ್ಲದೆ, ಕಲಕದೆ, ತಳದ ತಟ್ಟೆಯ ಬರೀ ಶಾಖಕ್ಕೆ ಅದು ಮೇಲೆದ್ದು ಸುತ್ತಬೇಕಿತ್ತು. ಆದರೆ ತಾಮ್ರದ ಸೂಕ್ಷ್ಮ ಪುಡಿ ಬೆರೆಸಿದ ನಮ್ಮ ದ್ರವ ಟ್ಯೂಬಿನೊಳಗಿನ ಮುಲಾಮಿನ ಹಾಗೆ. ಸಾಕಷ್ಟು ಅಮುಕುವವರೆಗೆ ಕದಲುವುದಿಲ್ಲ.

ನೀನು ಕೂದಲು ಹಿಡಿದು ನನ್ನ ತಲೆಯನ್ನು ಮೇಜಿನ ಅಂಚಿಗೆ ಬಡಿದೆ. ಎರಡು ಸಲ. ನಮ್ಮ ಮುದಿ ಮೆಕ್ಯಾನಿಕ್ ಸ್ಪ್ಯಾನರ್ ಮಾವ ಓಡಿ ಬಂದು, ಬಿಡಿ ಸಾರ್, ಅದು ಮೇಡಂ ತಲೆ, ನಟ್ಟಲ್ಲ ಅಂದರು. ನಿನ್ ಕೆಲ್ಸ ನೋಡ್ಕೋ ಮಾವ ಅಂತ ನೀನು ನಕ್ಕೆ. ಈಗ ತಿರುಗುತ್ತೋ ಇಲ್ವೋ ನೋಡು ಅಂತ ನನಗೆ ಸವಾಲು ಹಾಕಿ ಶಾಖ ಏರಿಸಿದೆ.

ಗುಳ್ಳೆಗಳು ಅಳತೆ ಕೆಡಿಸುತ್ತವೆಂದು ಪೆಟ್ಟಿಗೆಯ ಆವಿ ಬಿಡುವ ವಾಲ್ವನ್ನು ನಾವು ಮುಚ್ಚಿಯೇ ಇಡುತ್ತಿದ್ದೆವು. ನಿನ್ನೆದುರಿನ ಮೀಟರು ತೋರಿಸುತ್ತಿದ್ದದ್ದು ಪೆಟ್ಟಿಗೆಯ ನಡುವಿನ ಬಿಸಿ, ನಲವತ್ತೆಂಟು ಡಿಗ್ರಿ. ಇನ್ನೂ ತಣ್ಣಗಿದೆ ಅಂತ ನೀನು ಮತ್ತೆ ಏರಿಸಿದೆ. ದ್ರವ ಸುತ್ತದೆ ಶಾಖವೆಲ್ಲ ತಳದಲ್ಲೇ ನಿಂತಿತ್ತು; ಅಲ್ಲಿ ಕಾಯುವ ತಟ್ಟೆಯ ಮೀಟರು ನನ್ನ ಕಡೆಗಿತ್ತು. ಅದರ ಅಂಕಿ ಕೂಗಿ ಹೇಳುವುದು ನನ್ನ ಕೆಲಸ. ಕಣ್ಣಿಗೆ ರಕ್ತ ಇಳಿದು ಕಾಣಲಿಲ್ಲ ಎಂದು ಪೊಲೀಸರಿಗೆ ಹೇಳಿದ್ದೇನೆ.

ಗಾಜು ಸಿಡಿಯಿತು. ಕುದಿಯುವ ನೀರಾದರೂ ಹರಿದು ಬೀಳುತ್ತದೆ. ಇದು ನಿನ್ನ ಮುಖಕ್ಕೆ ಅಂಟಿಕೊಂಡಿತು. ಒರೆಸಿಕೊಳ್ಳಲು ಹೋದೆ, ಚರ್ಮ ಅಂಗೈಗೆ ಬಂತು. ಅಮ್ಮಾ ಅಂತ ಚೀರಿದೆ. ನಾನು ನಿಂತಲ್ಲೇ ನಿಂತಿದ್ದೆ. ನನಗಾದದ್ದು ಸಂತೋಷವೇ ಎಂದು ದಿನವೂ ಕೇಳಿಕೊಳ್ಳುತ್ತೇನೆ. ಅಲ್ಲ ಎಂದು ಆಣೆ ಮಾಡಲಾರೆ.

ನಿನ್ನ ಹೇಳಿಕೆಯ ಮರೆಯಲ್ಲಿ ನಾನು ಬದುಕುವುದಿಲ್ಲ. ಮೇಜಿನ ವಿಷಯ ಹೇಳುತ್ತೇನೆ.

ಕಾಗದದ ಮೇಲೆ ಇನ್ನೂ,
ನಿನ್ನ ಹೆಂಡತಿ

ಮರೆತ ಮಾತಲ್ಲ, ಬರೆಯಲು ಹೆದರಿದ್ದು: ನನ್ನ ಕಣ್ಣಿಗೆ ರಕ್ತ ಇಳಿದಿರಲಿಲ್ಲ. ತಟ್ಟೆಯ ಬಿಸಿ ನೂರ ಅರವತ್ತೆರಡು, ಗಾಜು ತಡೆಯದಷ್ಟು. ಎರಡು ಸಲ ಓದಿಕೊಂಡೆ. ಆಮೇಲೆ, ಹೋಗಿ ಹತ್ತಿ ತನ್ನಿ ಮಾವ, ಬಾಗಿಲು ಎಳ್ಕೊಳ್ಳಿ ಅಂತ ಸ್ಪ್ಯಾನರ್ ಮಾವನನ್ನು ಹೊರಗೆ ಕಳಿಸಿ, ಕಂಬದ ಹಿಂದಕ್ಕೆ ಸರಿದು ನಿಂತೆ. ಸೋಮವಾರ ಇದನ್ನೂ ಹೇಳುತ್ತೇನೆ.