ಒಗೆದುಬಿಟ್ಟ ಹಳದಿ ಅಂಗಿ

ಲಿಗಾಯಾ,

ಡ್ಯೂಟಿಗೆ ಹೊರಟೆ, ಬರೋದು ರಾತ್ರಿ ಹನ್ನೊಂದಾಗುತ್ತೆ. ಅನ್ನ ಕುಕ್ಕರಿನಲ್ಲಿದೆ, ಕೋಳಿ ಅಡೋಬೊ ಬಿಸಿ ಮಾಡ್ಕೊ. ಬತಂಗಾಸ್‌ಗೆ, ಊರಿಗೆ ಕಳಿಸೋ ಪೆಟ್ಟಿಗೇನ ಬೆಳಿಗ್ಗೆ ಬಂದು ತಗೊಂಡು ಹೋಗ್ತಾರೆ. ಡಬ್ಬಿಗಳೆಲ್ಲ ತಳಕ್ಕಿರಲಿ, ಸೋಪು ಸಂದಿಗಳಿಗೆ ತುರುಕು.

ನಿನಗೆ ಅಂತ ನಾನು ತಂದ ಲೋಷನ್ನೂ ಲುಮಿಂಗ್ ದೊಡ್ಡಮ್ಮನಿಗೇ ಇಟ್ಟಿದ್ದೀಯ. ಇರಲಿ. ಅವಳನ್ನ ಅಮ್ಮ ಅಂತೀಯ, ನನ್ನನ್ನ ಮಮ್ಮಿ ಅಂತೀಯ. ಅದಕ್ಕೂ ನಾನೇನೂ ಅಂದಿಲ್ಲ.

ಆದರೆ ನಿನ್ನ ಮೈವಾಸನೆ ಹೋಗದ ಹಾಗೆ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಅವಳಿಗೆ ಅಂತ ಇಟ್ಟಿದ್ದೆಯಲ್ಲ ಹಳದಿ ಅಂಗಿ, ಅದನ್ನ ಒಗೆದುಬಿಟ್ಟೆ. ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ ಒಗೆದೆ. ಹೊಟ್ಟೆ ಉರೀತು ಕಣೇ.

ನಿನ್ನನ್ನ ಅಕ್ಕನ ಹತ್ರ ಬಿಟ್ಟು ನಾನು ದುಡಿಯೋಕೆ ಇಲ್ಲಿಗೆ, ವಿನ್ನಿಪೆಗ್‌ಗೆ ಬಂದಾಗ, ನೀನು ಹಾಕಿ ಬಿಚ್ಚಿದ ಫ್ರಾಕನ್ನ ಒಗೆಯದೆ ನನಗೆ ಕಳಿಸ್ತಿದ್ದವಳು ಅವಳೇ. ಅದನ್ನ ದಿಂಬಿಗೆ ಸುತ್ತಿ ಮಲಗ್ತಿದ್ದೆ. ಈಗ ನೀನು ನನ್ನ ಹತ್ರ ಬಂದಿದ್ದೀಯ, ಅವಳ ಸರದಿ, ಗೊತ್ತು.

ಅಂಗಿ ಹೀಟರ್ ಹತ್ರ ಒಣಗ್ತಿದೆ. ಇವತ್ತು ಅದನ್ನೇ ಹಾಕ್ಕೊಂಡು ಮಲಗು, ಬೆಳಿಗ್ಗೆ ಪೆಟ್ಟಿಗೆಗೆ ಹಾಕು.

ಆದರೆ ನನ್ನ ಹಾಸಿಗೇಲಿ, ನನ್ನ ಪಕ್ಕದಲ್ಲಿ ಮಲಗು. ಅವಳಿಗೆ ಸ್ವಲ್ಪ ನನ್ನ ವಾಸನೆಯೂ ಬಡೀಲಿ.